ಬೀಗ ಹಾಕಿದ ಮನೆಗೆ ಸರ್ಕಾರದ ಹಣ ಯಾಕೆ?

ಐರ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕುವ ಪಾಡು, ಕೆಲಸಕ್ಕೋ ಓದಿಗೋ ಡಬ್ಲಿನ್‌ಗೆ ಹೋದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಅದೇ ದೇಶದ 2022ರ ಜನಗಣತಿಯಲ್ಲಿ, ರಜಾ ಮನೆಗಳನ್ನು ಬಿಟ್ಟೂ 1,66,000ಕ್ಕಿಂತ ಹೆಚ್ಚು ಮನೆಗಳು ಖಾಲಿ ಇದ್ದವು. ಇವುಗಳಲ್ಲಿ ಎಷ್ಟೋ ಮನೆಗಳು ಮಾರಾಟಕ್ಕೋ ಹೊಸ ಬಾಡಿಗೆದಾರರಿಗೋ ಕಾಯುತ್ತಿದ್ದವು ಎನ್ನುವುದು ನಿಜ. ಆದರೆ ಸುಮಾರು 48,000 ಮನೆಗಳು 2016ರ ಗಣತಿಯಲ್ಲೂ ಖಾಲಿಯಾಗಿದ್ದವು. ಚಿಂತೆ ಹುಟ್ಟಿಸುವುದು ಇವೇ. ಮಾಲೀಕ ತೀರಿಕೊಂಡು ವಾರಸುದಾರರ ಲೆಕ್ಕ ಬಗೆಹರಿಯದ ಮನೆ, ವೃದ್ಧಾಶ್ರಮ ಸೇರಿದವರ ಮನೆ, ಪೇಟೆಬೀದಿಯ ಅಂಗಡಿಗಳ ಮೇಲಿನ ಪಾಳುಬಿದ್ದ ಮಹಡಿ. ಇಂಥ ಕಡೆ ಸೂರು ಸೋರುತ್ತಿರುತ್ತದೆ, ವೈರಿಂಗ್ ಹಾಳಾಗಿರುತ್ತದೆ. ರಿಪೇರಿಗೆ ಕೈಯಲ್ಲಿ ಹಣವಿಲ್ಲದೆ ಮಾಲೀಕ ಬಾಗಿಲು ಹಾಕಿಟ್ಟಿರುತ್ತಾನೆ.

ಇಂಥವರಿಗಾಗಿ 2017ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿದ ‘ರಿಪೇರ್ ಅಂಡ್ ಲೀಸಿಂಗ್’ ಯೋಜನೆಯಿದೆ. ಕನಿಷ್ಠ ಒಂದು ವರ್ಷ ಖಾಲಿಯಿದ್ದ ಮನೆಯ ದುರಸ್ತಿಗೆ ಸ್ಥಳೀಯ ಆಡಳಿತ ಬಡ್ಡಿಯಿಲ್ಲದೆ 80,000 ಯೂರೋವರೆಗೆ ಕೊಡುತ್ತದೆ. ಪ್ರತಿಯಾಗಿ ಮಾಲೀಕ ಐದರಿಂದ ಇಪ್ಪತ್ತೈದು ವರ್ಷ ಮನೆಯನ್ನು ಗುತ್ತಿಗೆಗೆ ಬಿಡಬೇಕು. ಕೊಟ್ಟ ಹಣ ಅವನಿಗೆ ಸಲ್ಲಬೇಕಾದ ಬಾಡಿಗೆಯಲ್ಲೇ ಮುರಿದುಹೋಗುತ್ತದೆ. ವಸತಿಗಾಗಿ ಸರದಿಯಲ್ಲಿ ಕಾಯುತ್ತಿರುವ ಕುಟುಂಬ ಅಲ್ಲಿಗೆ ಬಂದು, ತನ್ನ ಆದಾಯಕ್ಕೆ ತಕ್ಕ ಬಾಡಿಗೆ ಕಟ್ಟುತ್ತದೆ. ಇದರ ಜೊತೆಗೆ 2022ರಿಂದ ನೇರ ಅನುದಾನವೂ ಇದೆ: ಎರಡು ವರ್ಷ ಖಾಲಿಯಿದ್ದ ಮನೆಗೆ 50,000 ಯೂರೋ, ತೀರಾ ಶಿಥಿಲವಾಗಿದ್ದರೆ 70,000 ಯೂರೋವರೆಗೆ. ಶುರುವಿನಲ್ಲಿ ಸ್ವಂತ ವಾಸಕ್ಕೆ ಮಾತ್ರ ಸಿಗುತ್ತಿದ್ದ ಇದು 2023ರಿಂದ ಬಾಡಿಗೆ ಮನೆಗೂ ಸಿಗುತ್ತಿದೆ. ಆದರೂ ಎರಡರಲ್ಲಿ ಮೊದಲನೆಯದೇ ಹೆಚ್ಚು ನ್ಯಾಯವಾದದ್ದು ಎಂದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಸಾರ್ವಜನಿಕ ಹಣಕ್ಕೆ ಬದಲಾಗಿ, ಮನೆಯಿಲ್ಲದವರಿಗೆ ಇಷ್ಟು ವರ್ಷ ಸೂರು ಎಂಬ ಲಿಖಿತ ಭರವಸೆ ಸಿಗುತ್ತದೆ.

ಮನೆ ಪಾಳುಬಿಟ್ಟವನಿಗೇ ಬಹುಮಾನವೇ ಎಂಬ ಆಕ್ಷೇಪ ಸಹಜ. ದುರಸ್ತಿಯಾದ ಮನೆಯ ಬೆಲೆ ಏರಿ ಲಾಭ ಮಾಲೀಕನಿಗೇ ಹೋಗುತ್ತದೆ ಎಂಬುದನ್ನೂ ಅಲ್ಲಗಳೆಯಲಾಗದು. ಅದಕ್ಕೇ ಅನುದಾನಕ್ಕೆ ಹತ್ತು ವರ್ಷದ ಷರತ್ತಿದೆ: ಐದು ವರ್ಷದೊಳಗೆ ಮನೆ ಮಾರಿದರೆ ಪೂರ್ತಿ ಹಣ, ಆಮೇಲೆ ಮಾರಿದರೆ ಮುಕ್ಕಾಲು ಪಾಲು ವಾಪಸು ಕಟ್ಟಬೇಕು. ಹಣವಿದ್ದೂ ಸುಮ್ಮನಿರುವವರಿಗೆ ಖಾಲಿ ಮನೆ ತೆರಿಗೆಯಿದೆ. ಮಾಮೂಲಿ ಆಸ್ತಿ ತೆರಿಗೆಯ ಮೂರು ಪಟ್ಟಿನಿಂದ ಶುರುವಾದ ಅದು ಐದಕ್ಕೇರಿ, 2024ರ ನವೆಂಬರಿನಿಂದ ಏಳು ಪಟ್ಟಾಗಿದೆ. ದುರಸ್ತಿಗೆ ಕೊಡುವ ಹಣದಲ್ಲಿ ಹೊಸ ಮನೆ ಕಟ್ಟಬಹುದಲ್ಲ ಎನ್ನುವವರೂ ಇದ್ದಾರೆ. ಕಟ್ಟಲೇಬೇಕು, ಖಾಲಿ ಮನೆಗಳಷ್ಟರಿಂದಲೇ ಕೊರತೆ ನೀಗುವುದಿಲ್ಲ. ಆದರೆ ಹಳೆಯ ಮನೆಗೆ ರಸ್ತೆ, ನೀರು, ಒಳಚರಂಡಿ ಆಗಲೇ ಇವೆ. ಶಾಲೆ, ಬಸ್ಸು ಹತ್ತಿರದಲ್ಲಿವೆ.

ಹಣ ತೆಗೆದಿಟ್ಟ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ ಎಂಬುದಕ್ಕೆ ವಾಟರ್‌ಫರ್ಡ್ ಸಾಕ್ಷಿ. ‘ರಿಪೇರ್ ಅಂಡ್ ಲೀಸಿಂಗ್’ ಯೋಜನೆಯಲ್ಲಿ ದೇಶದಾದ್ಯಂತ ಮತ್ತೆ ಬಳಕೆಗೆ ಬಂದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಆ ಒಂದು ಆಡಳಿತದ ವ್ಯಾಪ್ತಿಯವು. ಡಬ್ಲಿನ್ ಅದಕ್ಕಿಂತ ಎಷ್ಟೋ ದೊಡ್ಡದು. ಕಾನೂನು, ಹಣದ ಮಿತಿ ಎಲ್ಲ ಕಡೆಯೂ ಒಂದೇ. ವಾಟರ್‌ಫರ್ಡ್‌ನವರು ಅರ್ಜಿಗೆ ಕಾಯುತ್ತ ಕೂರಲಿಲ್ಲ. ಖಾಲಿ ಕಟ್ಟಡಗಳನ್ನು ಗುರುತಿಸಿ, ಮಾಲೀಕರನ್ನು ತಾವೇ ಹುಡುಕಿ ಮಾತಾಡಿಸಿದರು. ಉಳಿದ ಆಡಳಿತಗಳಿಗೆ ಇನ್ನಷ್ಟು ಅನುದಾನ ಕೊಡುವ ಮೊದಲು, ಈ ಕೆಲಸಕ್ಕೆಂದೇ ಪೂರ್ಣಾವಧಿ ಸಿಬ್ಬಂದಿಯನ್ನು ಕೊಡಬೇಕು.