ಕಟ್ಟು ನಮಗೆ, ಕಾಳು ಚುಕ್ಕಿಗೆ

ಭಾನುವಾರ ಬಂತೆಂದರೆ ನಮ್ಮ ಮನೆಯ ದೊಡ್ಡ ಕುಕ್ಕರಿನಲ್ಲಿ ಒಂದು ಸೇರು ಹುರುಳಿ ಬೇಯುತ್ತದೆ. ಉಪ್ಪು ಹಾಕುವುದಿಲ್ಲ. ಬಸಿದ ಕಟ್ಟು ನಮ್ಮ ಬಸ್ಸಾರಿಗೆ, ಕಾಳು ಚುಕ್ಕಿಗೆ. 6 ವರ್ಷದ ಮಗಳು ಕಾಳಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂರುತ್ತಾಳೆ. ಎರಡೂವರೆ ವರ್ಷದ ಮಗ ದಾರಿಯುದ್ದಕ್ಕೂ ಅದಕ್ಕೆ ಕೈಹಾಕಿ ತಿನ್ನುತ್ತಾನೆ. ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದು 11 ಕಿಲೋಮೀಟರು ಹೋಗಿ ಎಡಕ್ಕೆ ತಿರುಗಿದರೆ, ತೆಂಗಿನ ತೋಟದ ಹಿಂದೆ ಆರು ಕುದುರೆಗಳ ಸಣ್ಣ ಲಾಯವೊಂದಿದೆ. ನಮ್ಮ ಕಾರಿನ ಸದ್ದು ಕೇಳಿದೊಡನೆ ಬೇಲಿಯ ಆಚೆಯಿಂದ ಕೆನೆಯುವವಳು ಚುಕ್ಕಿ. 13 ವರ್ಷದ ಕಂದು ಬಣ್ಣದ ಹೆಣ್ಣು ಕುದುರೆ. ಹಣೆಯ ಮೇಲೆ ಬಿಳಿ ಬೊಟ್ಟು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಗಂಡನದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ‘ನೌಕರಿ, ಎರಡು ಸಣ್ಣ ಮಕ್ಕಳು, ಅದರ ಮೇಲೆ ಕುದುರೆ ಬೇರೆ. ಹೇಗೆ ಸಂಭಾಳಿಸ್ತೀಯ?’ ಎಂದು ಕೇಳದ ನೆಂಟರಿಲ್ಲ. ಇನ್ನೂ ಒಂದು ಗಂಟೆ ಬೇಗ ಏಳುವುದೇ ಇದಕ್ಕೆ ಉತ್ತರ ಎಂದು ಬಹಳ ದಿನ ನಂಬಿದ್ದೆ. ಏಳುತ್ತಲೂ ಇದ್ದೆ. ಅದರಿಂದ ಆದದ್ದು ಬೆನ್ನುನೋವು ಮಾತ್ರ. ನಿಜವಾದ ಉತ್ತರವನ್ನು ನನಗೆ ಕಲಿಸಿದವರು ನಮ್ಮ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್.

ಚುಕ್ಕಿ ಥರೋಬ್ರೆಡ್ ತಳಿಯವಳು, ಓಟಕ್ಕೆಂದೇ ಬೆಳೆಸಿದವಳು. ಈ ಕುದುರೆಗಳನ್ನು ಎರಡು ವರ್ಷ ತುಂಬುವ ಹೊತ್ತಿಗೇ ರೇಸಿಗೆ ಇಳಿಸುತ್ತಾರೆ. ಹೆಚ್ಚಿನವುಗಳ ಓಟ ಐದಾರು ವರ್ಷಕ್ಕೆ ಮುಗಿದುಹೋಗುತ್ತದೆ. ಆಯಸ್ಸು ಮಾತ್ರ 25 ವರ್ಷ, ಚೆನ್ನಾಗಿ ನೋಡಿಕೊಂಡರೆ 30. 2017ರಲ್ಲಿ ನಾನು ಅವಳನ್ನು ಕೊಂಡಾಗ ಅವಳಿಗೆ 5 ವರ್ಷ. ಅಂದರೆ ಮುಂದಿನ 20 ವರ್ಷದ ಹೊಣೆಗೆ ನಾನು ಸಹಿ ಹಾಕಿದ್ದೆ. ಬ್ಯಾಂಕಿನಲ್ಲಿ 20 ವರ್ಷದ ಗೃಹಸಾಲ ಕೊಡುವಾಗ ಎಷ್ಟು ಕಾಗದ ನೋಡುತ್ತೇವೆ! ಕುದುರೆ ಕೊಳ್ಳುವಾಗ ನಾನು ನೋಡಿದ್ದು ಅವಳ ಕಣ್ಣನ್ನಷ್ಟೇ. ಮಗಳಿಗೆ 18 ತುಂಬುವಾಗ ಚುಕ್ಕಿಗೆ 25 ಆಗಿರುತ್ತದೆ ಎಂಬ ಲೆಕ್ಕ ಹೊಳೆದದ್ದು ಮಗಳು ಹುಟ್ಟಿದ ಮೇಲೆ.

ಮಗಳು ಹೊಟ್ಟೆಯಲ್ಲಿದ್ದಾಗ ಡಾಕ್ಟರು ಮೊದಲ ಭೇಟಿಯಲ್ಲೇ ಸವಾರಿ ಬಿಡಿಸಿದರು. ಹೆರಿಗೆಯಾಗಿ ಮಗುವಿಗೆ ಐದು ತಿಂಗಳಾಗುವವರೆಗೂ ನಾನು ಜೀನು ಮುಟ್ಟಲಿಲ್ಲ. ಅಷ್ಟು ದಿನ ಒಂದೇ ಕೊರಗು: ಓಡಲೆಂದೇ ಹುಟ್ಟಿದ ಜೀವವನ್ನು ಕಟ್ಟಿಹಾಕಿದ್ದೇನೆ, ಅವಳ ಮೈ ಕೆಡಿಸುತ್ತಿದ್ದೇನೆ. ಒಂದು ದಿನ ಸೈಸ್ ಮುಂದೆ ಇದನ್ನೇ ಹೇಳಿ ಅತ್ತುಬಿಟ್ಟೆ. ಅವರು ಮೂವತ್ತು ವರ್ಷ ಕುದುರೆಗಳ ನಡುವೆಯೇ ಬದುಕಿದವರು. ‘ಕುದುರೆಗೆ ಸವಾರ ಬೇಕು ಅಂತ ಯಾರು ಹೇಳಿದ್ದು ಮೇಡಂ? ಅದಕ್ಕೆ ಹುಲ್ಲು ಬೇಕು, ಜೊತೆ ಬೇಕು, ಬಯಲು ಬೇಕು. ಈ ಮೂರೂ ಇದ್ರೆ ನೀವು ಒಂದು ವರ್ಷ ಹತ್ತದೇ ಇದ್ರೂ ಅದು ಕೇಳಲ್ಲ’ ಅಂದರು.

ಆಮೇಲೆ ನಾನು ಓದಿದ್ದೆಲ್ಲ ಅವರ ಮಾತನ್ನೇ ಬೇರೆ ಬೇರೆ ಬಗೆಯಲ್ಲಿ ಹೇಳಿತು. ಅಷ್ಟು ದೊಡ್ಡ ಪ್ರಾಣಿಯ ಜಠರ ಬಹಳ ಚಿಕ್ಕದು, 8ರಿಂದ 15 ಲೀಟರು ಹಿಡಿದರೆ ಹೆಚ್ಚು. ಜಠರದಲ್ಲಿ ಆಮ್ಲ ಮಾತ್ರ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಬಿಟ್ಟರೆ ಹುಣ್ಣು. ಅದಕ್ಕೇ ಬಯಲಲ್ಲಿರುವ ಕುದುರೆ ದಿನದ ಬಹುಪಾಲು ಮೇಯುತ್ತಲೇ ಇರುತ್ತದೆ, ಮೇಯುತ್ತ ನಡೆಯುತ್ತಲೇ ಇರುತ್ತದೆ. ಚುಕ್ಕಿಯ ತೂಕ 460 ಕಿಲೋ. ದಿನಕ್ಕೆ 9–10 ಕಿಲೋ ಒಣಹುಲ್ಲು, ಸುಮಾರು 30 ಲೀಟರು ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ನಮ್ಮ ರೈತರು ಕುದುರೆ ಮಸಾಲೆ ಎನ್ನುವ ಲೂಸರ್ನ್ ಸೊಪ್ಪು ಒಂದೆರಡು ಹಿಡಿ, ಜೊತೆಗೆ ಬೂಸಾ. ಹುರುಳಿ ವಾರಕ್ಕೊಮ್ಮೆ ಬಾಯಿರುಚಿಗೆ. ಹಿಂದೆ ಲಾಯಗಳಲ್ಲಿ ಅದೇ ಮುಖ್ಯ ಧಾನ್ಯವಾಗಿತ್ತು. ಹುರುಳಿಯ ಇಂಗ್ಲಿಷ್ ಹೆಸರಿನೊಳಗೆ ಕುದುರೆ ಹೊಕ್ಕಿದ್ದು ಹಾಗೆ.

ಜೊತೆ ಎಂದರೆ ಇನ್ನೊಂದು ಕುದುರೆ. ಮನುಷ್ಯ ಅಲ್ಲ. ನಾನು ಎಷ್ಟೇ ಪ್ರೀತಿ ಮಾಡಲಿ, ಚುಕ್ಕಿ ನಿರಾಳವಾಗಿ ಮಲಗುವುದು ಪಕ್ಕದಲ್ಲಿ ಮತ್ತೊಂದು ಕುದುರೆ ಎದ್ದು ಕಾವಲಿದ್ದಾಗ ಮಾತ್ರ. ನಿಂತೇ ನಿದ್ದೆ ಮಾಡುತ್ತವೆ ಎನ್ನುವುದು ಅರ್ಧ ಸತ್ಯ. ಗಾಢ ನಿದ್ದೆಗೆ ಕುದುರೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಆ ಧೈರ್ಯ ಕೊಡುವುದು ಗುಂಪು. ಮನೆಯ ಹಿಂದೆ ಶೆಡ್ ಹಾಕಿ ಒಂಟಿ ಕುದುರೆ ಕಟ್ಟಿಕೊಳ್ಳುವ ಆಸೆ ನನಗೂ ಇತ್ತು. ಆಫೀಸಿಗೆ ಹೋಗುವ ಮುನ್ನ ಹಿತ್ತಲಲ್ಲೇ ನೋಡಿಕೊಳ್ಳಬಹುದಲ್ಲ ಎಂಬ ಲೆಕ್ಕ. ಆ ಆಸೆ ಬಿಟ್ಟದ್ದು ನಾನು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ.

ಹಾಗಾಗಿ ಈಗ ವಾರ ಹೀಗಿದೆ. ಮಂಗಳವಾರ, ಶುಕ್ರವಾರ ಬೆಳಗ್ಗೆ ಐದೂವರೆಯಿಂದ ಏಳರವರೆಗೆ ನನ್ನ ಸವಾರಿ, ಅದೂ ಗಂಡನಿಗೆ ಬೆಳಗಿನ ಪಾಳಿ ಇಲ್ಲದ ವಾರ ಮಾತ್ರ. ಭಾನುವಾರ ಮಕ್ಕಳೊಂದಿಗೆ, ಅಂದು ಸವಾರಿ ಇಲ್ಲ. ಉಳಿದ ದಿನಗಳಲ್ಲಿ ಮೂರು ದಿನ ಕೃಷಿ ಪದವಿ ಓದುತ್ತಿರುವ ಹುಡುಗಿಯೊಬ್ಬಳು ಚುಕ್ಕಿಯ ಮೇಲೆ ಕೂರುತ್ತಾಳೆ, ಖರ್ಚಿನ ಮೂರನೇ ಒಂದು ಪಾಲು ಕೊಡುತ್ತಾಳೆ. 2023ರಲ್ಲಿ ಮಗ ಹುಟ್ಟಿದಾಗ ಸಿಸೇರಿಯನ್ ಆಗಿತ್ತು. ಏಳು ತಿಂಗಳು ಹತ್ತುವಂತಿರಲಿಲ್ಲ. ಆಗ ಶುರುವಾದ ಏರ್ಪಾಡು ಇದು. ಮೊದಲು ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಅವಳ ಕೈಯಲ್ಲಿ ಚುಕ್ಕಿ ಕಿವಿಗಳನ್ನು ಮುಂದಕ್ಕೆ ನಿಮಿರಿಸಿ ಹಗುರಾಗಿ ಓಡುವುದನ್ನು ಕಂಡ ಮೇಲೆ ಅದು ಹೋಯಿತು.

ಹಣದ ಮಾತನ್ನೂ ಬಿಚ್ಚಿಟ್ಟೇ ಹೇಳಬೇಕು. ಲಾಯದ ಬಾಡಿಗೆ, ಮೇವು, ಸೈಸ್ ಸಂಬಳದ ಪಾಲು ಸೇರಿ ತಿಂಗಳಿಗೆ 18,000 ರೂಪಾಯಿ. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟುವ ಖರ್ಚು, ಜಂತಿನ ಔಷಧ, ಧನುರ್ವಾಯು ಮತ್ತಿತರ ಲಸಿಕೆಗಳು ಬೇರೆ. ಇಬ್ಬರು ಮಕ್ಕಳ ಶಾಲೆಯ ಖರ್ಚಿಗಿಂತ ಇದು ಹೆಚ್ಚು. ನಾನು ಚಿನ್ನ ಕೊಳ್ಳುವುದಿಲ್ಲ, ನಮ್ಮ ಕಾರಿಗೆ 12 ವರ್ಷ. ಬ್ಯಾಂಕಿನವಳಾಗಿ ಒಂದು ಕೆಲಸ ಸರಿಯಾಗಿ ಮಾಡಿದ್ದೇನೆ: ಚುಕ್ಕಿಯ ಹೆಸರಿನಲ್ಲಿ ಎಂದುಕೊಂಡು ತಿಂಗಳಿಗೆ 3,000 ರೂಪಾಯಿಯ ಆರ್‌ಡಿ. ಅದನ್ನು ಹಬ್ಬಕ್ಕೂ ಮುಟ್ಟುವುದಿಲ್ಲ, ಶಾಲೆಯ ಫೀಸಿಗೂ ಮುಟ್ಟುವುದಿಲ್ಲ.

ಅದು ಒಡೆದದ್ದು ಒಮ್ಮೆ, 2024ರ ಮಾರ್ಚ್ ಕೊನೆಯಲ್ಲಿ.

ಮಾರ್ಚ್ ಎಂದರೆ ಬ್ಯಾಂಕಿನವರಿಗೆ ಲೆಕ್ಕ ಮುಗಿಸುವ ತಿಂಗಳು. ಎರಡು ವಾರ ಲಾಯದ ಕಡೆ ಹೋಗಿರಲಿಲ್ಲ. ಮಾಮೂಲಿ ರೋಡ್ಸ್ ಹುಲ್ಲಿನ ಲೋಡು ಬಂದಿಲ್ಲ ಎಂದು ಫೋನು ಬಂದಾಗ, ಕಂಪ್ಯೂಟರಿನಿಂದ ಕಣ್ಣೆತ್ತದೆ, ‘ಸದ್ಯ ಸಿಕ್ಕಿದ್ದು ಹಾಕಿ’ ಅಂದೆ. ಸಿಕ್ಕಿದ್ದು ಬಿಸಿಲಿಗೆ ಒಣಗಿ ಕಡ್ಡಿಯಾದ ರಾಗಿ ಹುಲ್ಲು. ಕುದುರೆಯ ಮೇವನ್ನು ಒಂದು ವಾರ, ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಮೂರನೆಯ ರಾತ್ರಿ ಒಂಬತ್ತೂವರೆಗೆ ಸೈಸ್ ಫೋನು: ‘ಚುಕ್ಕಿ ಹೊಟ್ಟೆ ತಿರುಗಿ ತಿರುಗಿ ನೋಡ್ತಿದೆ, ಮಲಗಿ ಹೊರಳಾಡ್ತಿದೆ.’

ಹೊಟ್ಟೆಶೂಲೆ. ಕುದುರೆ ಸಾಕಿದವರೆಲ್ಲ ಹೆದರುವ ಪದ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಕಡೆಯ ಬಿಗಿಯಾದ ಸ್ನಾಯು ಒಳಗೆ ಹೋದದ್ದನ್ನು ಮೇಲಕ್ಕೆ ಬಿಡುವುದಿಲ್ಲ. ಒಣಮೇವು ದೊಡ್ಡಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡರೆ ಇರುವುದು ಮುಂದಕ್ಕೆ ಹೋಗುವ ಒಂದೇ ದಾರಿ.

ಅದೇ ಹೊತ್ತಿಗೆ 14 ತಿಂಗಳ ಮಗ ನನ್ನ ಹೆಗಲ ಮೇಲೆ, 102 ಡಿಗ್ರಿ ಜ್ವರ. ಗಂಡ ಪಾಳಿ ಮುಗಿಸಿ ಬರುವಾಗ ಹನ್ನೊಂದು. ನಾನು ಹೋಗಲಿಲ್ಲ. ಫೋನಿನಲ್ಲೇ ಪಶುವೈದ್ಯರನ್ನು ಎಬ್ಬಿಸಿದೆ, ಆ ಹುಡುಗಿಗೆ ಹೇಳಿದೆ. ಅವಳು ಹತ್ತು ಗಂಟೆಗೆ ಅಲ್ಲಿದ್ದಳು. ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿ 64 ಅಂದಳು. ಸುಮ್ಮನೆ ನಿಂತ ಕುದುರೆಯ ನಾಡಿ 28ರಿಂದ 44ರ ಒಳಗಿರಬೇಕು. ವೈದ್ಯರು ಬಂದು ನೋವಿಗೆ ಇಂಜೆಕ್ಷನ್ ಕೊಟ್ಟರು, ಮೂಗಿನ ಹೊಳ್ಳೆಯಿಂದ ಜಠರದವರೆಗೆ ನಳಿಕೆ ಇಳಿಸಿ ನೀರು, ಪ್ಯಾರಾಫಿನ್ ಎಣ್ಣೆ ಹಾಕಿದರು. ಹನ್ನೊಂದೂವರೆಗೆ ಮಗ ಗಂಡನ ಹೆಗಲಿಗೆ ಬಂದ ಮೇಲೆ ನಾನು ಹೊರಟೆ. ರಾತ್ರಿಯಿಡೀ ಒಬ್ಬರಾದ ಮೇಲೆ ಒಬ್ಬರು ಹಗ್ಗ ಹಿಡಿದು ನಡೆಸಿದೆವು. ನಾಲ್ಕೂವರೆಗೆ ಚುಕ್ಕಿ ಲದ್ದಿ ಹಾಕಿದಳು. ಎಣ್ಣೆ ಮೆತ್ತಿದ, ಕಪ್ಪಗಿನ ಆ ಲದ್ದಿಯನ್ನು ನೋಡಿ ಸೈಸ್ ಕೈಮುಗಿದರು. ಬೆಳಗ್ಗೆ ಮನೆಗೆ ಬಂದಾಗ ಮಗನ ಜ್ವರವೂ ಇಳಿದಿತ್ತು.

ಆ ರಾತ್ರಿ ನಾನು ಒಬ್ಬಳೇ ಒಡತಿಯಾಗಿದ್ದರೆ ಚುಕ್ಕಿ ಉಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಈಗ ಲಾಯದ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ: ಮೇವು ಏನು, ಎಷ್ಟು, ನಾಡಿ, ಉಸಿರು, ವೈದ್ಯರ ಫೋನು, ನಾನು ಸಿಗದಿದ್ದರೆ ಇಂಜೆಕ್ಷನ್ ಕೊಡಿಸಲು, ಲಾರಿ ಕರೆಸಲು ಯಾರು ಹೂಂ ಅನ್ನಬೇಕು ಎಂಬುದೂ.

ಮಕ್ಕಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕುದುರೆಯ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಸುತ್ತಲಿನ ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದ್ದು ಎರಡೇ ಜಾಗ: ಮೂಗಿನ ನೇರ ಮುಂದೆ, ಬಾಲದ ನೇರ ಹಿಂದೆ. ಎರಡು ವರ್ಷದ ಮಗು ಓಡಿ ಹೋಗುವುದು ಆ ಎರಡೇ ಜಾಗಕ್ಕೆ! ಮಗನಿನ್ನೂ ಬೇಲಿಯ ಹೊರಗೇ, ಇಲ್ಲವೇ ದೊಡ್ಡವರ ಕಂಕುಳಲ್ಲಿ. ನಮ್ಮಲ್ಲಿ ಒಂದು ನಿಯಮವಿದೆ: ಕುದುರೆಗೆ ಒಬ್ಬರು, ಮಗುವಿಗೆ ಒಬ್ಬರು, ಎರಡೂ ಒಬ್ಬರೇ ಆಗಬಾರದು. ಗಂಡನಿಗೆ ಭಾನುವಾರ ಪಾಳಿ ಬಿದ್ದರೆ ಮಗ ನನ್ನ ಅಮ್ಮನ ಮನೆಯಲ್ಲಿ. ಹಸುಗೂಸನ್ನು ಜೀನಿನ ಮುಂದೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನ್ನ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮಗಳೂ ಚುಕ್ಕಿಯನ್ನು ಹತ್ತುವುದಿಲ್ಲ. ಓಟದ ಕುದುರೆ ಮಕ್ಕಳ ಕುದುರೆಯಲ್ಲ. ಅದೇ ಲಾಯದ ಮುದಿ ಪೋನಿಯ ಮೇಲೆ, ಹೆಲ್ಮೆಟ್ ಹಾಕಿಕೊಂಡು, ಸೈಸ್ ಹಗ್ಗ ಹಿಡಿದಿರುವಾಗ ಹತ್ತು ನಿಮಿಷ. ಚುಕ್ಕಿಯ ಜೊತೆ ಅವಳ ಕೆಲಸ ಬೇರೆ: ಮಾತಾಡಿಸುತ್ತ ಭುಜದ ಕಡೆಯಿಂದ ಬರುವುದು, ಅಂಗೈ ಚಪ್ಪಟೆ ಮಾಡಿ ಕಾಳು ತಿನ್ನಿಸುವುದು, ಆಮೇಲೆ ಸೋಪು ಹಾಕಿ ಕೈತೊಳೆಯುವುದು. ಕಳೆದ ದಸರೆಗೆ ಮುನ್ನ ಆನೆ, ಕುದುರೆಗಳನ್ನು ಫಿರಂಗಿ ಸದ್ದಿಗೆ ಒಗ್ಗಿಸುವ ತಾಲೀಮು ನೋಡಲು ಅವಳನ್ನು ಕರೆದೊಯ್ದಿದ್ದೆ. ಎಲ್ಲ ಮಕ್ಕಳೂ ಆನೆ ನೋಡುತ್ತಿದ್ದರು. ಇವಳು ಪೊಲೀಸ್ ಕುದುರೆಗಳ ಕಿವಿ ನೋಡುತ್ತಿದ್ದಳು. ‘ಮೂರನೇ ಕುದುರೆ ಹೆದರಿದೆ ಅಮ್ಮ’ ಅಂದಳು. ಮುಂದಿನ ಸದ್ದಿಗೆ ಪಕ್ಕಕ್ಕೆ ಹಾರಿದ್ದು ಅದೇ ಕುದುರೆ.

ಮಗ ಹುಟ್ಟಿದ ವರ್ಷ ಚುಕ್ಕಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ನಾನೂ ಯೋಚಿಸಿದ್ದೆ. ಕೊಡುವುದು ತಪ್ಪಲ್ಲ. ಎರಡು ಮಕ್ಕಳ ತಾಯಿಗೆ ಕೈಲಾಗುವುದಿಲ್ಲ ಎಂದರೆ ಅದು ಕೈಲಾಗುವುದಿಲ್ಲ ಅಷ್ಟೇ. ಆದರೆ ಯಾರ ಕೈಗೆ ಹೋಗುತ್ತದೆ ಎಂದು ನೋಡದೆ ಕೊಡುವುದು ತಪ್ಪು. ಒಳ್ಳೆಯ ಓಟದ ಕುದುರೆಯೊಂದು ಕೈಯಿಂದ ಕೈಗೆ ದಾಟುತ್ತ, ಕೊನೆಗೆ ಬ್ಯಾಂಡ್ ಸದ್ದಿನ ನಡುವೆ ಮದುವೆ ಮೆರವಣಿಗೆಯಲ್ಲಿ ಸೊಂಟದ ಮೂಳೆ ಎದ್ದು ಕಾಣುವಂತೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಚೆಗೆ ಮೂವರು ತಾಯಂದಿರು ಮಗಳಿಗೆ ಆಸೆ ಎಂದು ಕುದುರೆ ಕೊಳ್ಳುವ ಬಗ್ಗೆ ನನ್ನನ್ನು ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕೊಳ್ಳುವ ಮುನ್ನ ಒಂದು ಮಳೆಗಾಲ ಯಾರದಾದರೂ ಲಾಯಕ್ಕೆ ಹೋಗಿ. ಕೆಸರಿನಲ್ಲಿ ನಿಂತು ಗೊರಸು ಎತ್ತಿ, ಒಳಗಿನ ಕೊಳೆತ ವಾಸನೆಯ ಮಣ್ಣನ್ನು ಕೊಕ್ಕೆಯಿಂದ ಕೆದಕಿ, ಲದ್ದಿ ಬಾಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಮೂರು ದಿನ ತಪ್ಪದೆ ಹೋಗಲು ಆಯಿತಾದರೆ, ಆಮೇಲೆ ನನ್ನ ಹತ್ತಿರ ಬನ್ನಿ. ಒಳ್ಳೆಯ ಕುದುರೆ ಹುಡುಕಲು ನಾನೇ ಜೊತೆಗೆ ಬರುತ್ತೇನೆ.