ಭಂಗಾರಕ್ಕೆ ಹಾಕುವ ಮುನ್ನ ಕಾಗದ ಹುಡುಕಿ

ಅಂಗಳದ ಮೂಲೆಯಲ್ಲಿ ವರ್ಷಗಟ್ಟಲೆಯಿಂದ ನಿಂತ ಮಾರುತಿ 800, ಗಾಳಿ ಇಳಿದು ರಿಮ್ಮಿನ ಮೇಲೆ ಕುಳಿತ ಓಮ್ನಿ, ಕೋಳಿಗಳು ಮೊಟ್ಟೆಯಿಡುವ ಗೂಡಾದ ಅಂಬಾಸಿಡರ್... ನಿಪ್ಪಾಣಿಯಿಂದ ಅಥಣಿಯವರೆಗೆ ಇಂಥ ಮನೆಗಳು ಅಪರೂಪವೇನಲ್ಲ. ಕಾರು ತಂದವರು ಇಂದು ಬದುಕಿಲ್ಲದಿರಬಹುದು, ಅಥವಾ ದುಡಿಮೆಗೆಂದು ದೂರದ ಊರಿನಲ್ಲಿರಬಹುದು. ಒಂದು ದಿನ ಭಂಗಾರದವನು ಬಾಗಿಲಿಗೆ ಬರುತ್ತಾನೆ. "ಭಾಭೀ, ಗಾಡಿ ಕೊಡ್ತೀರೇನ್ರಿ? ಕಾಗದ ಇಲ್ದಿದ್ರೂ ನಡೀತೈತಿ, ರೊಕ್ಕ ಈಗ ಕೈಯಾಗ" ಎನ್ನುತ್ತಾನೆ. ಅಂಗಳ ಖಾಲಿಯಾಗುತ್ತದೆ, ಮಗಳ ಶಾಲೆಯ ಫೀಸಿಗೂ ಆಗುತ್ತದೆ ಎಂದು ನಿಮಗೂ ಅನಿಸುತ್ತದೆ.

ಸಹೋದರಿ, ಆ 'ನಡೀತೈತಿ' ಎಂಬ ಮಾತಿಗೆ ತಲೆಯಾಡಿಸುವ ಮೊದಲು ಸ್ವಲ್ಪ ತಡೆಯಿರಿ. (ಗಡಿಭಾಗದಲ್ಲಿ ಗುಜರಿಗೆ ಮರಾಠಿಯ 'ಭಂಗಾರ' ಎಂಬ ಹೆಸರೇ ರೂಢಿ. ಬಂಗಾರಕ್ಕೂ ಅದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಬೆಲೆ ಹೇಳುವಾಗ ಮಾತ್ರ ಆ ವ್ಯತ್ಯಾಸ ಬಹಳ ದೊಡ್ಡದು!)

ಕಾರು ಯಾರ ಅಂಗಳದಲ್ಲಿದೆ, ಯಾರು ಹಣ ಕೊಟ್ಟು ತಂದರು ಎಂಬುದು ಕಾನೂನಿಗೆ ಮುಖ್ಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ನೋಡಿ. ಒಬ್ಬರು 2007ರಲ್ಲೇ ತಮ್ಮ ಕಾರು ಮಾರಿದ್ದರು. ನೋಂದಣಿ ಮಾತ್ರ ಅವರ ಹೆಸರಿನಲ್ಲೇ ಉಳಿದಿತ್ತು. ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಹೋಯಿತು. 2009ರಲ್ಲಿ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಕೊಡುವ ಹೊಣೆ ಬಿದ್ದದ್ದು ಯಾರ ಮೇಲೆ? ಎರಡು ವರ್ಷದ ಹಿಂದೆಯೇ ಮಾರಿ ಕೈತೊಳೆದುಕೊಂಡಿದ್ದ ಆ ಮೊದಲ ಮಾಲೀಕರ ಮೇಲೆ!

ಓಡದ ಗಾಡಿ ಯಾರಿಗೆ ಢಿಕ್ಕಿ ಹೊಡೆದೀತು ಎಂದು ನೀವು ಕೇಳಬಹುದು. ಭಂಗಾರಕ್ಕೆ ಹೋದ ಗಾಡಿಗಳೆಲ್ಲ ಒಡೆದು ಹೋಗುವುದಿಲ್ಲ. ಕೆಲವು ದುರಸ್ತಿಯಾಗಿ ಮತ್ತೆ ರಸ್ತೆಗೆ ಇಳಿಯುತ್ತವೆ. ಇನ್ನು ಕೆಲವು ಗಾಡಿಗಳ ನಂಬರನ್ನು ಕದ್ದ ಕಾರಿಗೆ ಅಂಟಿಸುವವರೂ ಇದ್ದಾರೆ. ಆಗ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಅಂದರೆ ನಿಮ್ಮ ಮನೆಗೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ನಂಬರ್ ಪ್ಲೇಟಿನಿಂದ. ಕೆಎ 23 ಎಂದಿದ್ದರೆ ಚಿಕ್ಕೋಡಿ ಆರ್‌ಟಿಓ, ಕೆಎ 22 ಎಂದಿದ್ದರೆ ಬೆಳಗಾವಿ. ಎಂಎಚ್ 09 ಕೊಲ್ಹಾಪುರದ್ದು, ಎಂಎಚ್ 10 ಸಾಂಗಲಿಯದ್ದು. ನಂಬರ್ ಹಿಡಿದು ಪರಿವಾಹನ್ ಜಾಲತಾಣದಲ್ಲಿ ಹುಡುಕಲು ಕಾಲೇಜಿಗೆ ಹೋಗುವ ಮಗಳಿಗೆ ಹೇಳಿದರೆ ಸಾಕು. ಬಹಳ ಹಳೆಯ ಗಾಡಿಯಾದರೆ ವಿವರ ಕಂಪ್ಯೂಟರಿಗೆ ಏರದೇ ಇರಬಹುದು. ಆಗ ಆರ್‌ಟಿಓ ಕಚೇರಿಯ ಹಳೆಯ ರಿಜಿಸ್ಟರನ್ನೇ ನೋಡಿಸಬೇಕು. ಟ್ರಂಕಿನ ತಳದಲ್ಲಿ ಹಳೆಯ ವಿಮೆಯ ಚೀಟಿ, ಬ್ಯಾಂಕಿನ ಸಾಲದ ಕಾಗದ, ತೆರಿಗೆ ರಸೀದಿ ಸಿಕ್ಕರೂ ಎಸೆಯಬೇಡಿ. ಚಾಸಿಸ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಆ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಕಚೇರಿಯಲ್ಲಿ 'ಪೆನ್ಸಿಲ್ ಪ್ರಿಂಟ್' ಎಂದು ಕೇಳುವುದು ಇದನ್ನೇ. ಅದಕ್ಕಾಗಿ ಏಜೆಂಟನಿಗೆ ಹಣ ಕೊಡಬೇಕಾಗಿಲ್ಲ.

ಮಾಲೀಕರು ಮನೆಯವರೇ ಆಗಿದ್ದು ಆರ್‌ಸಿ ಪುಸ್ತಕ ಮಾತ್ರ ಕಳೆದಿದ್ದರೆ ದೊಡ್ಡ ತೊಂದರೆಯಿಲ್ಲ. ಪೊಲೀಸ್ ಠಾಣೆಯಲ್ಲಿ ಕಳೆದುಹೋಗಿದೆ ಎಂದು ದೂರು ಕೊಟ್ಟು ಸ್ವೀಕೃತಿ ಪಡೆದು, ಫಾರ್ಮ್ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಗಾಡಿಯ ಮೇಲೆ ಸಾಲವಿತ್ತೇ? ಸಾಲ ತೀರಿದ್ದರೂ ದಾಖಲೆಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇರುತ್ತದೆ. ಅದನ್ನು ತೆಗೆಸಲು ಬ್ಯಾಂಕಿನ ಪತ್ರದೊಂದಿಗೆ ಫಾರ್ಮ್ 35 ಬೇಕು.

ಇದ್ದತ್ ಮತ್ತು ಮೂರು ತಿಂಗಳ ಗಡುವು

ನಿಜವಾದ ಕಷ್ಟ ಎದುರಾಗುವುದು ಪತಿ ತೀರಿಕೊಂಡ ಮನೆಗಳಲ್ಲಿ. ಮಾಲೀಕರು ಮರಣ ಹೊಂದಿದರೆ ಗಾಡಿ ಯಾರ ವಶಕ್ಕೆ ಬರುತ್ತದೋ ಅವರು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ನಮ್ಮ ಸಹೋದರಿಯರ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಇದ್ದತ್ ಮುಗಿದು ಅವರು ಹೊರಗೆ ಬರುವಷ್ಟರಲ್ಲಿ ಕಾನೂನಿನ ಗಡುವು ದಾಟಿರುತ್ತದೆ. ಮನೆಗೆ ಸಾಂತ್ವನ ಹೇಳಲು ಬರುವ ಹತ್ತಾರು ಹಿರಿಯರಲ್ಲಿ ಒಬ್ಬರಾದರೂ ಈ ಮಾತನ್ನು ನೆನಪಿಸಿದರೆ ಎಷ್ಟು ಉಪಕಾರವಾದೀತು! ಅರ್ಜಿಗೆ ಮನೆಯಲ್ಲೇ ಕುಳಿತು ಸಹಿ ಮಾಡಬಹುದು. ಮಗನೋ ತಮ್ಮನೋ ಕಚೇರಿಗೆ ಒಯ್ದು ಸ್ವೀಕೃತಿ ತರಬಹುದು. ಗಡುವು ಈಗಾಗಲೇ ದಾಟಿದ್ದರೂ ದಾರಿ ಮುಚ್ಚಿಲ್ಲ, ತಡವಾದದ್ದಕ್ಕೆ ಹಣ ಕಟ್ಟಬೇಕಾಗುತ್ತದೆ ಅಷ್ಟೆ.

ಇದಕ್ಕೆ ಮರಣ ಪ್ರಮಾಣಪತ್ರ, ವಂಶಾವಳಿ ಮತ್ತು ಇತರ ವಾರಸುದಾರರ ಒಪ್ಪಿಗೆ ಬೇಕಾಗುತ್ತವೆ. ಹೆಸರುಗಳ ಗೊಂದಲ ಶುರುವಾಗುವುದು ಇಲ್ಲಿಯೇ. ಆಧಾರಿನಲ್ಲಿ 'ಮಹಮ್ಮದ್ ಗೌಸ್', ಆರ್‌ಸಿಯಲ್ಲಿ 'ಮಹಮದಗೌಸ', ರೇಷನ್ ಕಾರ್ಡಿನಲ್ಲಿ ಬರೀ 'ಗೌಸ ಮುಲ್ಲಾ'. ಮೂವರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾದೀತು. ವಿಳಾಸವೂ ಹಾಗೆಯೇ. ನಿಪ್ಪಾಣಿ ಹಿಂದೆ ಚಿಕ್ಕೋಡಿ ತಾಲೂಕಿನಲ್ಲಿತ್ತು, ಕಾಗವಾಡ ಅಥಣಿ ತಾಲೂಕಿನಲ್ಲಿತ್ತು. ಹಳೆಯ ಕಾಗದದಲ್ಲಿ ಹಾಗೆ ಬರೆದಿದ್ದರೆ ಗಾಬರಿ ಬೇಡ, ಗುಮಾಸ್ತರಿಗೆ ವಿವರಿಸಿ ಹೇಳಿ.

ಇನ್ನೊಂದು ಮಾತು. ಆ ಕಾರು ಮೃತರ ಆಸ್ತಿ. ಸಾಲ ಮತ್ತು ಕೊಡದೆ ಉಳಿದ ಮಹ್ರ್ ತೀರಿದ ಮೇಲೆ ಉಳಿಯುವ ಹಣದಲ್ಲಿ ಮಕ್ಕಳಿರುವ ಪತ್ನಿಗೆ ಎಂಟನೆಯ ಒಂದು, ಅತ್ತೆ ಬದುಕಿದ್ದರೆ ಅವರಿಗೆ ಆರನೆಯ ಒಂದು ಪಾಲು ಇದೆ. ಭಂಗಾರದ ಹಣವೆಂದು ಯಾರೋ ಒಬ್ಬರು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಮೈದುನ ಒಳ್ಳೆಯವನೇ ಇರಬಹುದು, ಆದರೂ ಲೆಕ್ಕ ಬರೆದಿಡಿ.

ಗಡಿ ದಾಟಿ ಬಂದ ಗಾಡಿ

ರಾಯಬಾಗ, ಕಾಗವಾಡದ ಕಡೆ ಇನ್ನೊಂದು ಬಗೆಯ ಗಾಡಿಗಳಿವೆ. ಮಿರಜಿನಲ್ಲೋ ಇಚಲಕರಂಜಿಯಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು, ಹೆಸರು ಬದಲಾಯಿಸದೆ ವರ್ಷಗಟ್ಟಲೆ ಓಡಿಸಿದ್ದು. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಇಲ್ಲಿನ ನಂಬರ್ ಪಡೆಯಬೇಕು ಎಂಬುದು ನಿಯಮ. ಅದಕ್ಕೆ ಆ ಕಡೆಯ ಆರ್‌ಟಿಓದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಹಾಳಾದ ಗಾಡಿಗೆ ಇಷ್ಟೆಲ್ಲ ಖರ್ಚು ಮಾಡುವುದು ನನ್ನ ದೃಷ್ಟಿಯಲ್ಲಿ ಬುದ್ಧಿವಂತಿಕೆಯಲ್ಲ. ದಾಖಲೆಯಲ್ಲಿರುವ ಮಾಲೀಕರನ್ನೋ ಅವರ ಮಕ್ಕಳನ್ನೋ ಹುಡುಕಿ, ಅವರ ಸಹಿಯಿಂದಲೇ ಗಾಡಿಯ ನೋಂದಣಿ ರದ್ದು ಮಾಡಿಸುವುದು ಮೇಲು. ಅವರಿಗೂ ಅದರಲ್ಲಿ ಹಿತವಿದೆ. ಸುಪ್ರೀಂ ಕೋರ್ಟಿನ ತೀರ್ಪನ್ನು ತಿಳಿಸಿದರೆ ತಾವಾಗಿಯೇ ಬಂದಾರು. "ಸಹಿ ನಾನೇ ಹಾಕಿಸ್ತೀನ್ರಿ" ಎನ್ನುವ ಏಜೆಂಟನನ್ನು ಮಾತ್ರ ನಂಬಬೇಡಿ. ಅದು ನಕಲಿ ಸಹಿ, ಅಪರಾಧ. ಖಾಲಿ ಬಿಟ್ಟ ಫಾರ್ಮ್ 29 ಮತ್ತು 30ಕ್ಕೆ ನೀವೂ ಸಹಿ ಮಾಡಿ ಕೊಡಬೇಡಿ.

ಹೆಸರಿನ ವಿಷಯ ಇತ್ಯರ್ಥವಾದ ಮೇಲೆ ಗಾಡಿ ನಿಜವಾಗಿಯೂ ಭಂಗಾರವೇ ಎಂದು ನೋಡಿ. ಓಡುವ ಸ್ಥಿತಿಯಲ್ಲಿದ್ದರೆ ಖರೀದಿದಾರರ ಹೆಸರಿಗೆ ವರ್ಗಾಯಿಸಿಯೇ ಕೀಲಿ ಕೊಡಿ. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಆ ಬಳಿಕ ನವೀಕರಿಸಲು 2022ರಿಂದ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಗಾಡಿಗೆ ಬರುವ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಒಡೆಯುವುದೇ ಸರಿ ಎನಿಸಿದರೆ 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಕೊಡುವುದು ಒಳ್ಳೆಯದು. ಅವುಗಳ ಪಟ್ಟಿ ಪರಿವಾಹನ್ ಜಾಲತಾಣದಲ್ಲಿದೆ. ಅಲ್ಲಿ ಗಾಡಿ ಕಳವಿನದ್ದೇ ಎಂದು ಮೊದಲು ಪರಿಶೀಲಿಸುತ್ತಾರೆ, ವಾರಸುದಾರರಾದರೆ ಅದರ ದಾಖಲೆ ಕೇಳುತ್ತಾರೆ, ಗಾಡಿ ಪಡೆದದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. ಬೀದಿಯ ಭಂಗಾರದವನಿಗಿಂತ ಬೆಲೆ ತುಸು ಕಡಿಮೆ ಬಂದರೂ ಆ ಪ್ರಮಾಣಪತ್ರದ ಬೆಲೆಯೇ ಬೇರೆ. ಇಲ್ಲವಾದರೆ ಕಾಯ್ದೆಯ 55ನೇ ಕಲಮಿನಂತೆ ಆರ್‌ಸಿಯನ್ನು ಆರ್‌ಟಿಓಗೆ ಒಪ್ಪಿಸಿ ನೋಂದಣಿ ರದ್ದು ಮಾಡಿಸಿಕೊಂಡ ಬಳಿಕವೇ ಗಾಡಿ ಕೊಡಿ.

ಕೊಡುವ ದಿನ ಒಂದು ಕಾಗದ ಬರೆಯಿರಿ. ಚಾಸಿಸ್ ನಂಬರ್, ಮೊತ್ತ, ತಾರೀಖು, ಗಂಟೆ, ತೆಗೆದುಕೊಂಡವರ ಆಧಾರ್ ಪ್ರತಿ, ಇಬ್ಬರು ಸಾಕ್ಷಿಗಳ ಸಹಿ ಅದರಲ್ಲಿರಲಿ. ಸೂರಃ ಅಲ್ ಬಕರದ 282ನೇ ವಚನ ಸಾಲವನ್ನು ಬರೆದಿಡಲು ಹೇಳುವಂತೆಯೇ ವ್ಯಾಪಾರಕ್ಕೆ ಸಾಕ್ಷಿಗಳನ್ನು ಇಟ್ಟುಕೊಳ್ಳಲೂ ಹೇಳುತ್ತದೆ. ಕುರ್‌ಆನಿನ ಅತಿ ಉದ್ದದ ವಚನವೇ ಅದು ಎಂಬುದು ನಿಮಗೆ ಗೊತ್ತಿರಬಹುದು. ಈ ಕಾಗದವೊಂದೇ ಮಾಲೀಕತ್ವವನ್ನು ಬದಲಿಸುವುದಿಲ್ಲ ಎಂಬುದೂ ನೆನಪಿರಲಿ. ನಂಬರ್ ಪ್ಲೇಟುಗಳನ್ನು ಬಿಚ್ಚಿ ನೀವೇ ಇಟ್ಟುಕೊಳ್ಳಿ.

ಮನೆಯಲ್ಲಿ ಈಗ ಓಡುವ ಗಾಡಿಯೊಂದಿದ್ದರೆ, 2021ರಿಂದ ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸಲು ಅವಕಾಶವಿದೆ. ಮಾಲೀಕರ ಮರಣದ ನಂತರ ನಾಮಿನಿಯ ಹೆಸರಿಗೆ ವರ್ಗಾವಣೆ ಸುಲಭ. ನಾಮಿನಿಯಾದ ಮಾತ್ರಕ್ಕೆ ಉಳಿದವರ ಪಾಲು ಹೋಗುವುದಿಲ್ಲ, ಕಚೇರಿಯ ಅಲೆದಾಟ ಮಾತ್ರ ತಪ್ಪುತ್ತದೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಪತಿಯನ್ನು ಕೇಳಿ ನೋಡಿ: ಆರ್‌ಸಿ ಎಲ್ಲಿದೆ, ಅದರಲ್ಲಿ ಯಾರ ಹೆಸರಿದೆ?