ಡಿಸ್ಕ್ ನುಂಗುವ ‘ತಾತ್ಕಾಲಿಕ’ ಕಡತಗಳು: ಅಳಿಸುವ ಮುನ್ನ ಎಚ್ಚರ

ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಗಣಕಯಂತ್ರದಲ್ಲಿ ಹಾರ್ಡ್ ಡಿಸ್ಕ್ ತುಂಬಿಹೋಗಿ, ಗಂಟೆಗಟ್ಟಲೆ ನಡೆದ ಕೆಲಸ ಅರ್ಧಕ್ಕೇ ನಿಲ್ಲುವುದು ಅಪರೂಪವೇನಲ್ಲ. ಹಾಡು, ಚಿತ್ರಗಳನ್ನೆಲ್ಲ ಅಳಿಸಿದರೂ ಜಾಗ ಸಾಲದು. ಹಲವು ಸಲ ಜಾಗವನ್ನು ನುಂಗಿರುವುದು ವಿಶ್ಲೇಷಣಾ ತಂತ್ರಾಂಶವೇ.

ಔಷಧ ಪ್ರಯೋಗ, ಬ್ಯಾಂಕಿಂಗ್ ಮುಂತಾದ ಕ್ಷೇತ್ರಗಳಲ್ಲಿ ಬಳಕೆಯಲ್ಲಿರುವ ‘ಸ್ಯಾಸ್’ ಇದಕ್ಕೆ ಉತ್ತಮ ಉದಾಹರಣೆ. ಬಳಕೆದಾರ ಬೇರೆ ಸ್ಥಳವನ್ನು ಸೂಚಿಸದಿದ್ದರೆ ಈ ತಂತ್ರಾಂಶವು ದತ್ತಾಂಶವನ್ನು ‘ವರ್ಕ್’ ಎಂಬ ತಾತ್ಕಾಲಿಕ ಭಂಡಾರದಲ್ಲಿ ಇರಿಸುತ್ತದೆ. ದೊಡ್ಡ ಕೋಷ್ಟಕವೊಂದನ್ನು ವಿಂಗಡಿಸುವಾಗ ಮೂಲ ಕಡತದ ಮೂರು-ನಾಲ್ಕು ಪಟ್ಟು ಜಾಗವನ್ನು ಬೇಡುವುದೂ ಉಂಟು. ತಂತ್ರಾಂಶವನ್ನು ಕ್ರಮಬದ್ಧವಾಗಿ ಮುಚ್ಚಿದರೆ ಇವೆಲ್ಲ ತಾವಾಗಿಯೇ ಅಳಿಯುತ್ತವೆ. ಆದರೆ ವಿದ್ಯುತ್ ಕೈಕೊಟ್ಟರೆ ಅಥವಾ ಟಾಸ್ಕ್ ಮ್ಯಾನೇಜರ್ ಮೂಲಕ ಬಲವಂತವಾಗಿ ನಿಲ್ಲಿಸಿದರೆ ಅಳಿಸುವವರೇ ಇರುವುದಿಲ್ಲ. ಹೀಗೆ ಅನಾಥವಾದ ಫೋಲ್ಡರುಗಳು ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತವೆ.

ಇವನ್ನು ಹುಡುಕುವುದು ಕಷ್ಟವಲ್ಲ. ವಿಂಡೋಸ್‌ನ ‘ರನ್’ ಪೆಟ್ಟಿಗೆಯಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ‘ಟೆಂಪ್’ ಎಂಬ ಇಂಗ್ಲಿಷ್ ಪದವನ್ನು ಬೆರಳಚ್ಚಿಸಿದರೆ ತಾತ್ಕಾಲಿಕ ಕಡತಗಳ ತಾಣ ತೆರೆದುಕೊಳ್ಳುತ್ತದೆ. ಸಂಸ್ಥೆಯವರು ಜಾಗ ಬದಲಿಸಿರದಿದ್ದರೆ ‘ಸ್ಯಾಸ್ ಟೆಂಪೊರರಿ ಫೈಲ್ಸ್’ ಎಂಬ ಫೋಲ್ಡರ್ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಅದರೊಳಗಿನ ಉಪಫೋಲ್ಡರುಗಳ ಹೆಸರು ‘ಟಿಡಿ’ ಅಕ್ಷರಗಳಿಂದ ಆರಂಭವಾಗುತ್ತದೆ. ಮುಂದಿನ ಅಂಕಿ ಆ ಕೆಲಸದ ಪ್ರೊಸೆಸ್ ಸಂಖ್ಯೆ. ಅದೇ ಸಂಖ್ಯೆಯ ಸ್ಯಾಸ್ ಕೆಲಸ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾಣಿಸಿದರೆ ಆ ಫೋಲ್ಡರ್ ಇನ್ನೂ ಬಳಕೆಯಲ್ಲಿದೆ ಎಂದರ್ಥ, ಅದನ್ನು ಮುಟ್ಟಲಾಗದು.

ನಿಜವಾದ ಅಪಾಯ ಇರುವುದು ಅವಸರದಲ್ಲಿ. ಹೆಸರು ‘ತಾತ್ಕಾಲಿಕ’ ಎಂದಿದ್ದರೂ ಒಳಗಿರುವುದು ಸಂಶೋಧಕನೊಬ್ಬನ ವಾರಗಟ್ಟಲೆಯ ಶ್ರಮವಾಗಿರಬಹುದು. ಕುಸಿತಕ್ಕೆ ಮೊದಲೇ ಪೂರ್ಣವಾಗಿ ಬರೆಯಲಾಗಿದ್ದ ಕೋಷ್ಟಕಗಳನ್ನು ಬೇರೆಡೆಗೆ ನಕಲಿಸಿಕೊಂಡು ಮತ್ತೆ ತೆರೆಯಲು ಅನೇಕ ವೇಳೆ ಸಾಧ್ಯವಿದೆ. ಆದ್ದರಿಂದ ಮೊದಲು ನಕಲು, ಆಮೇಲೆ ಅಳಿಸುವಿಕೆ.

ಕೈಯಿಂದ ಅಳಿಸಲು ಹಿಂಜರಿಯುವವರಿಗೆ ಸ್ಯಾಸ್ ಸಂಸ್ಥೆಯೇ ಸಾಧನ ಒದಗಿಸಿದೆ. ಅದನ್ನು ಅಳವಡಿಸಿದ್ದರೆ ವಿಂಡೋಸ್‌ನ ‘ಡಿಸ್ಕ್ ಕ್ಲೀನಪ್’ ಪಟ್ಟಿಯಲ್ಲಿ ಸ್ಯಾಸ್ ಕಡತಗಳೂ ಸೇರಿಕೊಳ್ಳುತ್ತವೆ. ಹಲವರು ಹಂಚಿಕೊಂಡು ಬಳಸುವ ಯುನಿಕ್ಸ್ ಸರ್ವರುಗಳಲ್ಲಿ ‘ಕ್ಲೀನ್‌ವರ್ಕ್’ ಎಂಬ ಆಜ್ಞೆಯಿದ್ದು, ಅದು ಮುಗಿದುಹೋದ ಕೆಲಸಗಳ ಫೋಲ್ಡರುಗಳನ್ನಷ್ಟೇ ತೆಗೆಯುತ್ತದೆ. ಇಲ್ಲಿ ಕೈಚಳಕ ತೋರಿಸಹೋದರೆ ಕೆಡುವುದು ಸಹೋದ್ಯೋಗಿಯ ಕೆಲಸ.

ಉಚಿತ ತಂತ್ರಾಂಶವಾದ ‘ಆರ್’ ಕೂಡ ಕುಸಿದಾಗ ಇಂಥ ಫೋಲ್ಡರುಗಳನ್ನು ಬಿಟ್ಟುಹೋಗುತ್ತದೆ. ‘ಸ್ಟಾಟಾ’ದ್ದೂ ಇದೇ ಕಥೆ.

ಇಷ್ಟೆಲ್ಲ ಮಾಡಿದರೂ ಜಾಗ ಹೆಚ್ಚಾಗದಿದ್ದರೆ ರಿಸೈಕಲ್ ಬಿನ್ ನೋಡಬೇಕು. ಅಳಿಸಿದ ಕಡತಗಳು ಅಲ್ಲಿ ಕುಳಿತಿರುವವರೆಗೂ ಡಿಸ್ಕಿನ ಜಾಗ ಬಿಡುಗಡೆಯಾಗದು.